ನಕ್ಷೆ ಬರೆಸುವ ಮುನ್ನ ಅವ್ವನನ್ನು ಕೇಳಿರಿ



ಮುಂಡಗೋಡ ತಾಲೂಕಿನ ಸದ್ಭಕ್ತರೊಬ್ಬರು ಕಳೆದ ತಿಂಗಳು ಪತ್ರ ಬರೆದು, ತಾವು ಮನೆ ಕಟ್ಟಿಸಲು ಸಂಕಲ್ಪಿಸಿರುವುದಾಗಿಯೂ, ಜಾಗವೂ ಹಣವೂ ಒದಗಿರುವುದಾಗಿಯೂ, ಆದರೆ ನಕ್ಷೆಯ ವಿಷಯದಲ್ಲಿ ಮನೆಯವರಲ್ಲಿಯೇ ಒಮ್ಮತವಿಲ್ಲವೆಂದೂ ತಿಳಿಸಿದ್ದಾರೆ. ಮಗನಿಗೆ ಹುಬ್ಬಳ್ಳಿಯ ಬಡಾವಣೆಗಳಲ್ಲಿ ಕಂಡಂಥ ಮನೆ ಬೇಕು. ತಂದೆಗೆ ಹಂಚಿನ ಮನೆಯೇ ಆಗಬೇಕು. ನೆಂಟರು ಕರೆತಂದ ವಾಸ್ತುಪಂಡಿತರು ಬಚ್ಚಲನ್ನು ಒಂದು ಮೂಲೆಯಿಂದ ಮತ್ತೊಂದು ಮೂಲೆಗೆ ಸರಿಸಿದ್ದಾರೆ. “ಯಾರ ಮಾತನ್ನು ಕೇಳಬೇಕು, ಗುರುಗಳೇ?” ಎಂಬುದು ಅವರ ಪ್ರಶ್ನೆ.

ನಾನು ಎಂಜಿನಿಯರನಲ್ಲ, ಮಠದ ಪಾಠಶಾಲೆಯಲ್ಲಿ ವ್ಯಾಕರಣ ಮತ್ತು ವಚನಗಳನ್ನು ಓದಿ ಬೆಳೆದವನು. ಆದರೂ ಈ ಪ್ರಶ್ನೆಗೆ ಉತ್ತರಿಸುವ ಋಣವೊಂದು ನನ್ನ ಮೇಲಿದೆ.

ಹಳಿಯಾಳ ತಾಲೂಕಿನ ನಮ್ಮ ಹಳ್ಳಿಯಲ್ಲಿ ಹಿರಿಯರ ಕಾಲದ ಮನೆ ಶಿಥಿಲವಾದಾಗ ನನ್ನ ತಮ್ಮನು ಹೊಸ ಮನೆ ಕಟ್ಟಿಸಿದನು. ಅದಾಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಓದಿದವನು ನಾನೆಂಬ ಕಾರಣಕ್ಕೆ ನಕ್ಷೆಯನ್ನು ನನ್ನ ಮುಂದಿಟ್ಟರು. ಹಳೆಯ ಮನೆಯಲ್ಲಿ ಬಚ್ಚಲು ಅಡಿಗೆಮನೆಗೆ ಅಂಟಿಕೊಂಡಿತ್ತು. ಹೊಸ ನಕ್ಷೆಯಲ್ಲಿ ದಿಕ್ಕಿನ ನೆಪದಿಂದ ಅದು ಹಿತ್ತಲಿನ ಕೊನೆಗೆ, ಮೂರು ಮೆಟ್ಟಿಲು ಕೆಳಗೆ ಹೋಗಿತ್ತು. ಶರಣರು ತಿಥಿ, ವಾರ, ಶಕುನಗಳ ಭೀತಿಯನ್ನು ಅಲ್ಲಗಳೆದರೆಂದು ಊರೂರಿನಲ್ಲಿ ಪ್ರವಚನ ಹೇಳುತ್ತಿದ್ದ ನಾನು ಅಂದು ಬಾಯಿ ತೆರೆಯಲಿಲ್ಲ. ಅವ್ವನನ್ನು ಕರೆದು ಒಂದು ಮಾತು ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ತೋರಲಿಲ್ಲ.

ಅವ್ವ ಬೆಳಗಿನ ಜಾವದಲ್ಲಿ ಎದ್ದು, ಮಿಂದು, ಲಿಂಗಪೂಜೆಗೆ ಕೂಡುವವಳು. ಆಗ ಅವಳಿಗೆ ಎಪ್ಪತ್ತೆರಡು ವರ್ಷ. ಗೃಹಪ್ರವೇಶವಾದ ಮೊದಲ ಆಷಾಢದಲ್ಲಿಯೇ, ಜಿಟಿಜಿಟಿ ಮಳೆಯ ಕತ್ತಲೆಯಲ್ಲಿ, ಮೂರನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಮುಂದೆ ಎರಡು ವರ್ಷ ಹಾಸಿಗೆಯಲ್ಲಿಯೇ ಕಳೆದು ಲಿಂಗೈಕ್ಯಳಾದಳು. ಅವಳು ಯಾರನ್ನೂ ದೂರಲಿಲ್ಲ. ಒಮ್ಮೆ ಮಾತ್ರ, “ಮನೀ ಛಲೋ ಆಗೇತಪಾ, ಆ ಮೆಟ್ಟಲಾ ಒಂದ ಇಲ್ಲದಿದ್ರ ಸಾಕಿತ್ತು” ಎಂದಳು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿ ರಾಮನಗರಕ್ಕೆ ಬಂದವರಿಗೆ, 1966ರಿಂದ ಮುಂಡಗೋಡದಲ್ಲಿ ನೆಲೆನಿಂತ ಟಿಬೇಟಿನ ನಿರಾಶ್ರಿತರಿಗೆ, ನೆಲೆಯನ್ನು ತಾವೇ ಆರಿಸಿಕೊಳ್ಳುವ ಭಾಗ್ಯವಿರಲಿಲ್ಲ. ತಮಗೆ ಬೇಕಾದಂತೆ ಮನೆ ಕಟ್ಟಿಸಿಕೊಳ್ಳುವ ಅವಕಾಶ ಒದಗಿದವರು ಅದನ್ನು ಹೊಣೆಯೆಂದು ತಿಳಿಯಬೇಕು.

ಆದ್ದರಿಂದ ಪತ್ರ ಬರೆದ ಭಕ್ತರಿಗೆ ನನ್ನ ಮೊದಲ ಸೂಚನೆ ಇದು. ಎಂಜಿನಿಯರರಲ್ಲಿಗೆ ಹೋಗುವ ಮುನ್ನ ಒಂದು ವಹಿಯಲ್ಲಿ ನಿಮ್ಮ ಮನೆಯ ಒಂದು ದಿನವನ್ನು ಬರೆಯಿರಿ. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ನೀರು ಎಲ್ಲಿಂದ ಬರುತ್ತದೆ, ರೊಟ್ಟಿ ಬಡಿಯುವವರು ಎಷ್ಟು ಹೊತ್ತು ಒಲೆಯ ಮುಂದಿರುತ್ತಾರೆ, ಕಾಳಿನ ಚೀಲಗಳು ಎಲ್ಲಿ ಬೀಳುತ್ತವೆ, ಮಕ್ಕಳು ಎಲ್ಲಿ ಕುಳಿತು ಓದುತ್ತಾರೆ, ರಾತ್ರಿ ಹಿರಿಯರು ಎಷ್ಟು ಸಲ ಏಳುತ್ತಾರೆ, ಎಲ್ಲವನ್ನೂ ಬರೆಯಿರಿ. ಅನಂತರ ನಕ್ಷೆ ಬರೆಸಿ, ಅದನ್ನು ನಿವೇಶನದ ಮೇಲೆ ಹಗ್ಗ ಮತ್ತು ಸುಣ್ಣದ ಗೆರೆಗಳಿಂದ ನಿಜವಾದ ಅಳತೆಯಲ್ಲಿ ಮೂಡಿಸಿರಿ. ಮಂಚವೊಂದನ್ನು ತಂದಿಟ್ಟು ನೋಡಿರಿ. ಅಡಿಗೆ ಮಾಡುವ ತಾಯಂದಿರೂ ಕೋಲೂರಿ ನಡೆಯುವ ಹಿರಿಯರೂ ಆ ಗೆರೆಗಳ ನಡುವೆ ಒಂದು ಸಂಜೆ ಓಡಾಡಲಿ. ಕಾಗದದ ಮೇಲೆ ಕಾಣದ ದೋಷಗಳು ನೆಲದ ಮೇಲೆ ತಾವಾಗಿಯೇ ಕಾಣುತ್ತವೆ. ಗೆರೆಯನ್ನು ಅಳಿಸಲು ಖರ್ಚಿಲ್ಲ. ಗೋಡೆಯನ್ನು ಒಡೆಯಲು ಖರ್ಚಿದೆ.

ಹಿರಿಯರ ಕೋಣೆ ಕೆಳಗಿನ ಅಂತಸ್ತಿನಲ್ಲಿಯೇ ಇರಲಿ. ಬಚ್ಚಲು ಮತ್ತು ಶೌಚಾಲಯ ಅದಕ್ಕೆ ಹೊಂದಿಕೊಂಡು ಒಂದೇ ಮಟ್ಟದಲ್ಲಿರಲಿ. ನೆಲದ ಕಲ್ಲು ನುಣುಪಾಗಿರಬಾರದು. ಗೋಡೆಗೆ ಹಿಡಿಕೆ ಇರಬೇಕು. ಬಾಗಿಲು 3 ಅಡಿ ಅಗಲವಿದ್ದರೆ ಗಾಲಿಕುರ್ಚಿಯೂ ಹಾಯುತ್ತದೆ. ಮಹಡಿಯ ಮೆಟ್ಟಿಲಿನ ಎತ್ತರ 6ರಿಂದ 7 ಅಂಗುಲ ಮೀರದಿರಲಿ, ಪಾದವಿಡುವ ಅಗಲ 10 ಅಂಗುಲಕ್ಕೆ ಕಡಿಮೆಯಾಗದಿರಲಿ. ಅಂಗಳದಿಂದ ಒಳಗೆ ಬರಲು ಇಳಿಜಾರು ಮಾಡಿಸುವುದಾದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು.

ಇನ್ನು ದಿಕ್ಕಿನ ಮಾತು. ದಿಕ್ಕನ್ನು ನೋಡಬಾರದೆಂದು ನಾನು ಹೇಳುವುದಿಲ್ಲ. ಭಯದಿಂದ ನೋಡಬಾರದು, ಬಿಸಿಲು ಮತ್ತು ಗಾಳಿಯನ್ನು ಅರಿತು ನೋಡಬೇಕು. ನಮ್ಮ ಸೀಮೆ ಭೂಮಧ್ಯರೇಖೆಯ ಉತ್ತರಕ್ಕೆ ಸುಮಾರು 15 ಡಿಗ್ರಿಯಲ್ಲಿದೆ. ಮೇ ತಿಂಗಳ ಆರಂಭದಲ್ಲಿಯೂ ಆಗಸ್ಟ್ ಎರಡನೆಯ ವಾರದಲ್ಲಿಯೂ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲಿರುತ್ತಾನೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ಬಾಗುತ್ತಾನೆ. ಬೇಸಿಗೆಯಲ್ಲಿ ಮನೆಯನ್ನು ಕಾಯಿಸುವುದು ಮಾಳಿಗೆ ಮತ್ತು ಪಶ್ಚಿಮದ ಗೋಡೆ. ಆದ್ದರಿಂದ ಮನೆಯ ಉದ್ದ ಪೂರ್ವ-ಪಶ್ಚಿಮವಾಗಿರಲಿ. ಪಶ್ಚಿಮದ ಕಡೆಗೆ ಮಲಗುವ ಕೋಣೆಯ ಬದಲು ಮೆಟ್ಟಿಲು, ಉಗ್ರಾಣಗಳಿರಲಿ. ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈರುತ್ಯದಿಂದ ಬೀಸುವುದರಿಂದ ಆ ಕಡೆಯ ಕಿಟಕಿಗಳಿಗೆ ಅಗಲವಾದ ಛಾವಣಿಯಂಚು ಅವಶ್ಯ.

ನಾಲ್ಕೂ ತಾಲೂಕುಗಳಿಗೆ ಒಂದೇ ನಕ್ಷೆ ಸಲ್ಲದು. ಜೋಯಿಡಾದ ಪಶ್ಚಿಮದಂಚು ಘಟ್ಟದ ನೆತ್ತಿ. ಕ್ಯಾಸಲ್‌ರಾಕ್ ಸುತ್ತ ಸುರಿಯುವ ಮಳೆ ಹಳಿಯಾಳ, ಮುಂಡಗೋಡಗಳ ಮಳೆಯ ಹಲವು ಪಟ್ಟು. ಅಲ್ಲಿ ಎತ್ತರದ ತಳಪಾಯ, ಕಡಿದಾದ ಹಂಚಿನ ಮಾಡು, ಗೋಡೆಯಿಂದ ಮೂರಡಿ ಹೊರಚಾಚಿದ ಅಂಚು ಬೇಕೇ ಬೇಕು. ಪೂರ್ವಕ್ಕೆ ಬಂದಂತೆ ಮಳೆ ತಗ್ಗುತ್ತದೆ; ಅಲ್ಲಿ ಸಮತಟ್ಟಾದ ಕಾಂಕ್ರೀಟಿನ ಮಾಳಿಗೆ ನಡೆದೀತು, ಆದರೆ ನೀರು ನಿಲ್ಲದಂತೆ ಓಟ ಕೊಡಬೇಕು. ಎರೆಮಣ್ಣು ಸಿಕ್ಕಲ್ಲಿ ಅದು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ, ಮಣ್ಣಿನ ಪರೀಕ್ಷೆ ಮಾಡಿಸದೆ ಅಡಿಪಾಯ ಹಾಕಬಾರದು. 1950ರ ದಶಕದಲ್ಲಿ ಸ್ಥಾಪನೆಗೊಂಡ ಕಾಗದದ ಕಾರ್ಖಾನೆಯೊಡನೆ ಬೆಳೆದ ದಾಂಡೇಲಿಯಂಥ ಪಟ್ಟಣದಲ್ಲಿ ನಿವೇಶನ ಚಿಕ್ಕದು. ಅಲ್ಲಿ ನಡುವೆ ಸಣ್ಣದೊಂದು ಬೆಳಕಿಂಡಿ ಬಿಟ್ಟರೆ ಕೋಣೆಗಳು ಕತ್ತಲೆಯಾಗುವುದಿಲ್ಲ.

ಸಾಮಗ್ರಿಯ ವಿಷಯದಲ್ಲಿ ಹತ್ತಿರದ್ದೇ ಹಿತ. ಚಿರೆಕಲ್ಲು ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಕಡಿದ ಕೂಡಲೇ ಕಟ್ಟದೆ ಒಣಗಲು ಬಿಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು, ಮರಳು ಬೆರೆತ ಕೆಂಪುಮಣ್ಣಿಗೆ ಸ್ವಲ್ಪ ಸಿಮೆಂಟ್ ಕೂಡಿಸಿ ಯಂತ್ರದಿಂದ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ಕ್ರಮವನ್ನು ರೂಢಿಗೆ ತಂದಿತು, ಅದನ್ನೂ ವಿಚಾರಿಸಬಹುದು. ಸಾಗುವಾನಿಯ ನಾಡಿನಲ್ಲಿದ್ದೇವೆಂದು ಕದ್ದ ಮರಕ್ಕೆ ಕೈಚಾಚಬಾರದು. ಅರಣ್ಯ ಇಲಾಖೆಯ ಹರಾಜಿನಲ್ಲಿ, ಇಲ್ಲವೇ ರಸೀದಿ ಮತ್ತು ಪರವಾನಿಗೆಯುಳ್ಳವರಲ್ಲಿ ಕೊಳ್ಳಿರಿ. ಹಳೆಯ ಮನೆಯ ತೊಲೆ, ಬಾಗಿಲುಗಳು ಗಟ್ಟಿಯಿದ್ದರೆ ಅವಕ್ಕಿಂತ ಒಳ್ಳೆಯ ಮರ ಸಿಗಲಾರದು. ಹಾಕಿದ ಕಾಂಕ್ರೀಟಿಗೆ ಕನಿಷ್ಠ 7ರಿಂದ 10 ದಿನ ತಪ್ಪದೆ ನೀರುಣಿಸಬೇಕು. ಮೇಸ್ತ್ರಿ ಮರೆತರೂ ಯಜಮಾನ ಮರೆಯಬಾರದು.

ನೀರನ್ನೂ ನಕ್ಷೆಯಲ್ಲಿಯೇ ಯೋಚಿಸಿರಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 1000 ಮಿಲಿಮೀಟರ್ ಬಿದ್ದರೆ ಒಂದು ಲಕ್ಷ ಲೀಟರ್ ಆಯಿತು. ಅದನ್ನು ತೊಟ್ಟಿಗೋ ಬಾವಿಯ ಪಕ್ಕದ ಇಂಗುಗುಂಡಿಗೋ ತಿರುಗಿಸಿರಿ. ಶೌಚದ ಗುಂಡಿ ಬಾವಿಯಿಂದ 50 ಅಡಿಯಾದರೂ ದೂರವಿರಲಿ.

ಕಾಗದಪತ್ರಗಳಲ್ಲಿ ಉದಾಸೀನ ಸಲ್ಲದು. ಹೊಲದಲ್ಲಿ ಕಟ್ಟುವುದಾದರೆ 1964ರ ಭೂಕಂದಾಯ ಕಾಯ್ದೆಯಂತೆ ಬಿನ್‌ಶೇತ್ಕಿ ಆಗಿರಬೇಕು. ಪಂಚಾಯತಿಯ ಇಲ್ಲವೇ ಪುರಸಭೆಯ ಪರವಾನಿಗೆ ಇರಬೇಕು. ಅರಣ್ಯಹಕ್ಕು ಕಾಯ್ದೆ, 2006ರ ಮೇರೆಗೆ ದೊರೆತ ಭೂಮಿ ಮಕ್ಕಳಿಗೆ ಬರುತ್ತದೆಯೇ ಹೊರತು ಮಾರಾಟಕ್ಕೆ ಬರುವುದಿಲ್ಲ; ಅಂಥದನ್ನು ಕ್ರಯಕ್ಕೆ ಕೊಂಡು ಮನೆ ಕಟ್ಟಿದವನ ಹಣ ನೀರುಪಾಲು.

ಪೂಜೆಯ ಜಾಗದ ಬಗ್ಗೆಯೂ ಭಕ್ತರು ಕೇಳಿದ್ದಾರೆ. ಇಷ್ಟಲಿಂಗವು ನಮ್ಮ ಅಂಗದ ಮೇಲೆಯೇ ಇರುವುದರಿಂದ ಅಮೃತಶಿಲೆಯ ದೊಡ್ಡ ಕೋಣೆ ಅವಶ್ಯವಲ್ಲ. ಬಚ್ಚಲಿನಿಂದ ಮೆಟ್ಟಿಲು ಏರಿಳಿಯದೆ ಬರಬಹುದಾದ, ಬೆಳಕು ಗಾಳಿಯುಳ್ಳ, ಇಬ್ಬರು ಮೂವರು ಮಣೆ ಹಾಕಿ ಕೂಡಬಹುದಾದ ಶಾಂತವಾದ ಎಡೆ ಸಾಕು. ಆದರೆ ದಾಸೋಹಕ್ಕೆ ಪಡಸಾಲೆ ಬೇಕು. ಪಂಕ್ತಿಯಲ್ಲಿ ಒಬ್ಬರು ಕೂಡಲು ಎರಡೂವರೆ ಅಡಿ ಎಂದು ಹಿಡಿದರೆ 20 ಅಡಿ ಉದ್ದದ ಪಡಸಾಲೆಯಲ್ಲಿ ಒಂದು ಸಾಲಿಗೆ ಎಂಟು ಜನ ಉಣ್ಣುತ್ತಾರೆ. ಮುಖಮಂಟಪದ ಕಂಬಗಳಿಗೆ ಸುರಿಯುವ ಹಣವನ್ನು ಇಲ್ಲಿಗೆ ತಿರುಗಿಸಿದರೆ ಬಂದ ಜಂಗಮರೂ ಉಂಡಾರು, ಸಾಲವೂ ಹಗುರಾದೀತು. ಮುಂದೆ ಮಕ್ಕಳು ಬೇರೆಯಾಗಬಹುದೆಂಬ ಎಚ್ಚರವಿದ್ದರೆ ಮಹಡಿಯ ಮೆಟ್ಟಿಲನ್ನು ಹೊರಗಿನಿಂದ ಇಡಿಸಿರಿ. ನಡುಮನೆಯಲ್ಲಿ ಗೋಡೆ ಏಳುವ ದುಃಖ ತಪ್ಪುತ್ತದೆ.

ಹಾಗಾದರೆ ಯಾರ ಮಾತನ್ನು ಕೇಳಬೇಕು? ಮಾಡಿಗೆ ಮಳೆಯನ್ನು ಕೇಳಿರಿ, ಅಡಿಪಾಯಕ್ಕೆ ಮಣ್ಣನ್ನು ಕೇಳಿರಿ, ಅಡಿಗೆಮನೆಗೆ ಅಡುವವಳನ್ನು ಕೇಳಿರಿ. ಮೆಟ್ಟಿಲಿಗೆ ಮಾತ್ರ ಮನೆಯ ಅತ್ಯಂತ ಹಿರಿಯರನ್ನು ಕೇಳಿರಿ. ಅಂದು ಆ ನಕ್ಷೆಯನ್ನು ಅವ್ವನ ಮುಂದೆ ಹಿಡಿದಿದ್ದರೆ, ಓದಲು ಬಾರದ ಅವಳು ನಾನು ಕಾಣದ್ದನ್ನು ಒಂದೇ ನೋಟಕ್ಕೆ ಕಾಣುತ್ತಿದ್ದಳು.

ತಮ್ಮನ ಮಕ್ಕಳು ಈಚೆಗೆ ಆ ಬಚ್ಚಲನ್ನು ಕೆಡವಿಸಿ, ಮನೆಯೊಳಗೆ ಸಮನೆಲದಲ್ಲಿ ಹೊಸದನ್ನು ಕಟ್ಟಿಸಿದರು. ಈಗ ನನ್ನ ಮಂಡಿಗಳಿಗೂ ನೋವು ಹತ್ತಿದೆ. ಊರಿಗೆ ಹೋದಾಗ ಆ ಬಚ್ಚಲಿಗೆ ನಾನು ಕೋಲಿಲ್ಲದೆ ನಡೆದು ಹೋಗುತ್ತೇನೆ. ಹೋಗುವಾಗಲೆಲ್ಲ ಅವ್ವನ ನೆನಪಾಗುತ್ತದೆ.