ಅದ್ಭುತಕಥೆಗಳೂ ಚೌರ್ಯದ ಅಪವಾದವೂ

ಆಂಗ್ಲಭಾಷೆಯ ಆಧುನಿಕ ಅದ್ಭುತಕಥೆಗಳನ್ನು ಕುರಿತು ನಮ್ಮ ವಿದ್ಯಾವಂತರ ಮನೆಗಳಲ್ಲಿ ಒಂದು ಅಪವಾದವು ಕೇಳಿಬರುತ್ತಲಿದೆ. ಇವೆಲ್ಲವೂ ಯೂರೋಪಿನ ಮಧ್ಯಯುಗದ ಕಾವ್ಯಗಳಿಂದ ಕದ್ದ ಸರಕು, ಓದುವ ಮಕ್ಕಳಿಗೆ ಬರಿಯ ಕಾಲಹರಣ, ಎಂಬುದೇ ಅದು. ನಾನೂ ಹೀಗೆಯೇ ತಿಳಿದು, ಒಮ್ಮೆ ಮೊಮ್ಮಗನ ಕೈಯಿಂದ ಟೋಲ್ಕಿನ್ನರ ‘ಹಾಬಿಟ್’ ಎಂಬ ಗ್ರಂಥವನ್ನು ಕಸಿದುಕೊಂಡೆನು. ಕಸಿದುಕೊಂಡುದನ್ನು ಓದಿದೆನು, ಓದಿದ ಮೇಲೆ ಹಿಂದಿರುಗಿಸಿದೆನು. ಅದರ ಕಾರಣವನ್ನು ವಾಚಕರಲ್ಲಿ ನಿವೇದಿಸುವೆನು.

ಪೂರ್ವಪಕ್ಷವನ್ನು ಮೊದಲು ಕೇಳೋಣ. ಟೋಲ್ಕಿನ್ನರು 1925ರಿಂದ ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಆಂಗ್ಲಭಾಷೆಯ ಪ್ರಾಧ್ಯಾಪಕರಾಗಿದ್ದರು. ‘ಬೇವುಲ್ಫ್’ ಕಾವ್ಯವನ್ನು ಕುರಿತು 1936ರಲ್ಲಿ ಅವರು ಮಾಡಿದ ಉಪನ್ಯಾಸವು ಪಂಡಿತರಲ್ಲಿ ಪ್ರಸಿದ್ಧವಾದುದು. ಮರುವರ್ಷವೇ ‘ಹಾಬಿಟ್’ ಪ್ರಕಟವಾಯಿತು. ಅದರಲ್ಲಿನ ಕುಬ್ಜರ ಹೆಸರುಗಳಲ್ಲಿ ಹೆಚ್ಚಿನವು ಐಸ್‌ಲೆಂಡಿನ ‘ವೊಲುಸ್ಪಾ’ ಎಂಬ ಹಳೆಯ ಕವನದಿಂದ ಬಂದವು. ನಿಧಿಯನ್ನು ಕಾಯುವ ಘಟಸರ್ಪ, ಆ ನಿಧಿಯಿಂದ ಬಟ್ಟಲೊಂದರ ಕಳವು, ಕೆರಳಿದ ಸರ್ಪವು ಊರನ್ನು ಸುಡುವುದು, ಇವೆಲ್ಲವೂ ‘ಬೇವುಲ್ಫ್’ನಲ್ಲಿಯೂ ಉಂಟು.

ಹಾಗಾದರೆ ಇದು ಚೌರ್ಯವೆ? ಆನಂದವರ್ಧನನು 9ನೆಯ ಶತಮಾನದಲ್ಲಿಯೇ ಈ ವಿವಾದವನ್ನು ತೀರಿಸಿಟ್ಟಿದ್ದಾನೆ. ‘ಧ್ವನ್ಯಾಲೋಕ’ದ ಕೊನೆಯ ಉದ್ಯೋತದಲ್ಲಿ ಅವನು ಕಾವ್ಯಗಳ ಸಾದೃಶ್ಯವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಪ್ರತಿಬಿಂಬದಂತಿರುವುದು, ಚಿತ್ರದಂತಿರುವುದು, ಒಬ್ಬ ದೇಹಿಯನ್ನು ಮತ್ತೊಬ್ಬ ದೇಹಿಯು ಹೋಲುವಂತಿರುವುದು. ಮೊದಲೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ. ಏಕೆಂದರೆ ಅಲ್ಲಿ ಆಕಾರವು ಹೋಲಿದರೂ ಆತ್ಮವು ಬೇರೆ.

ಇಲ್ಲಿ ಆತ್ಮವು ಬೇರೆಯೆ ಎಂಬುದನ್ನೇ ನೋಡಬೇಕು. ಹಳೆಯ ಕಾವ್ಯದಲ್ಲಿ ವೃದ್ಧನಾದ ಅರಸನು ಸರ್ಪದೊಡನೆ ಹೋರಾಡಿ, ಅದು ಸತ್ತೊಡನೆ ತಾನೂ ಮಡಿಯುತ್ತಾನೆ. ಹೊಸ ಕಥೆಯಲ್ಲಿ ಸರ್ಪವು ಸತ್ತರೂ ಕೇಡು ಸಾಯುವುದಿಲ್ಲ. ನಿಧಿಗಾಗಿ ಸಜ್ಜನರೇ ಒಬ್ಬರ ಮೇಲೊಬ್ಬರು ಕತ್ತಿ ಹಿರಿಯಲು ನಿಲ್ಲುತ್ತಾರೆ. ಆಗ ಮನೆಯ ಸುಖವನ್ನೇ ನೆನೆಯುವ ಗಿಡ್ಡ ಬಿಲ್ಬೊ, ತಾನು ಇಟ್ಟುಕೊಳ್ಳಬಹುದಾಗಿದ್ದ ಅನರ್ಘ್ಯ ಮಣಿಯನ್ನು ಯುದ್ಧವು ತಪ್ಪಲೆಂದು ಬಿಟ್ಟುಕೊಡುತ್ತಾನೆ. 1916ರಲ್ಲಿ ಸೋಮ್ ರಣರಂಗವನ್ನು ಕಣ್ಣಾರೆ ಕಂಡ ಲೇಖಕರಿಗೆ ತ್ಯಾಗವೇ ಶೌರ್ಯವಾಗಿ ತೋರಿದ್ದರೆ ಆಶ್ಚರ್ಯವೇನು?

ಹಾಗೆಂದು ಈ ಜಾತಿಯ ಗ್ರಂಥಗಳೆಲ್ಲವನ್ನೂ ನಾನು ಎತ್ತಿಹಿಡಿಯುವವನಲ್ಲ. ಕೋಟೆ, ಖಡ್ಗ, ಘಟಸರ್ಪಗಳನ್ನು ಮಾತ್ರ ಎರವು ತಂದವರದು ಬರಿಯ ಚಿತ್ರ. ಅಲ್ಲಿ ವೇಷವುಂಟು, ಜೀವವಿಲ್ಲ. ಅಂತಹವನ್ನು ಧಾರಾಳವಾಗಿ ಖಂಡಿಸಿರಿ. ಆದರೆ ಓದದೆಯೇ ದೂಷಿಸುವ ಹಿರಿಯರಿಂದ ಮಕ್ಕಳು ಕಲಿಯುವುದು ವಿವೇಕವನ್ನಲ್ಲ, ಓದದೆಯೇ ದೂಷಿಸುವುದನ್ನು. ಕಸಿದುಕೊಳ್ಳುವ ಮುನ್ನ ಓದಿರಿ. ಇಷ್ಟೇ ನನ್ನ ಪ್ರಾರ್ಥನೆ.