ಪಟ್ಟಿಗೆ ಸೇರದ ಬೆಳೆ, ಲೆಕ್ಕಕ್ಕೆ ಸೇರದ ರೈತ



ಬೆಲೆಗಾಗಿ ಬೀದಿಗಿಳಿದಾಗಲೆಲ್ಲ ನಾವು ಒಂದೇ ಪ್ರಶ್ನೆ ಕೇಳ್ತೀವಿ: ಕ್ವಿಂಟಾಲಿಗೆ ಎಷ್ಟು ಕೊಡ್ತೀರಿ? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಯಾವ ಬೆಳೆಯ ಲೆಕ್ಕ ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡಿದವರು ಯಾರು? ಬೆಳೆ ಪಟ್ಟಿಗೆ ಬಾರದಿದ್ದರೆ ಅದರ ನಷ್ಟವೂ ಲೆಕ್ಕಕ್ಕೆ ಬರುವುದಿಲ್ಲ. ನಷ್ಟವೇ ಲೆಕ್ಕದಲ್ಲಿಲ್ಲ ಅಂದ ಮೇಲೆ ಪರಿಹಾರ ಎಲ್ಲಿಂದ ಬಂತು?

1965ರಲ್ಲಿ ದೆಹಲಿಯಲ್ಲಿ ಕೃಷಿ ಬೆಲೆ ಆಯೋಗ ಹುಟ್ಟಿತು. ಅಮೆರಿಕದ ಗೋಧಿ ಹಡಗಿನಲ್ಲಿ ಬಂದು ದೇಶದ ಹೊಟ್ಟೆ ತುಂಬಿಸುತ್ತಿದ್ದ ಕಾಲ ಅದು. ಪಡಿತರದಂಗಡಿ ತುಂಬಿಸೋದೇ ಆಗಿನ ದೊಡ್ಡ ಚಿಂತೆ. ಹಾಗಾಗಿ ಮೊದಲ ಮಣೆ ಭತ್ತ, ಗೋಧಿಗೆ ಬಿತ್ತು. 1985ರಲ್ಲಿ ಅದರ ಹೆಸರು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಅಂತ ಬದಲಾಯಿತು. ಇವತ್ತು ಬೆಂಬಲ ಬೆಲೆಯ ಪಟ್ಟಿಯಲ್ಲಿ 22 ಬೆಳೆಗಳಿವೆ, ಕಬ್ಬಿಗೆ ಬೇರೆ ದರ. ರಾಗಿ ಇದೆ, ಜೋಳ ಇದೆ, ತೊಗರಿ, ಕಡಲೆಕಾಯಿ, ಹತ್ತಿ, ಕೊಬ್ಬರಿ ಇವೆ. ಟೊಮೆಟೊ ಇಲ್ಲ. ಈರುಳ್ಳಿ ಇಲ್ಲ. ಆಲೂಗಡ್ಡೆ ಇಲ್ಲ. ಒಣಮೆಣಸಿನಕಾಯಿ ಇಲ್ಲ. ರೇಷ್ಮೆ ಗೂಡೂ ಇಲ್ಲ.

ನಮ್ಮ ಕಡೆ ರೈತ ರಾಗಿ ಬೆಳೆದು ಸಾಲಗಾರನಾಗಿದ್ದು ಕಡಿಮೆ. ರಾಗಿ ಮನೆಗಾದರೂ ಆಗುತ್ತೆ, ಹುಲ್ಲು ದನಕ್ಕಾಗುತ್ತೆ. ಅವನನ್ನು ಸಾಲಕ್ಕೆ ದೂಡಿದ್ದು ಟೊಮೆಟೊ. ಸಸಿ, ಗೊಬ್ಬರ, ಔಷಧಿ, ಕಡ್ಡಿ, ದಾರ, ಡ್ರಿಪ್ ಪೈಪು ಎಲ್ಲಕ್ಕೂ ಮೊದಲೇ ಕೈಯಿಂದ ಕಾಸು ಬೀಳಬೇಕು. 2021ರ ಮೇ ತಿಂಗಳ ಲಾಕ್‌ಡೌನಿನಲ್ಲಿ ನಾನು ಮಂಡಿಗೆ ಒಯ್ದ ಟೊಮೆಟೊ 15 ಕೆಜಿ ಬಾಕ್ಸಿಗೆ 40 ರೂಪಾಯಿಗೆ ಹರಾಜಾಯಿತು. ಕೀಳೋ ಕೂಲಿ 15, ಗಾಡಿ ಬಾಡಿಗೆ 15, ಕಮಿಷನ್ 4. ಉಳಿದದ್ದು 6 ರೂಪಾಯಿ. ಹದಿನೈದು ಕೆಜಿ ಹಣ್ಣಿಗೆ ಆರು ರೂಪಾಯಿ! ಔಷಧಿ ಅಂಗಡಿಯ ಸಾಲ ಹಾಗೇ ಉಳಿಯಿತು. ಎರಡನೇ ಕೊಯ್ಲು ಮಾಡದೆ ತೋಟಕ್ಕೆ ದನ ಬಿಟ್ಟೆ.

ಆಗ ಸರ್ಕಾರದ ಕಣ್ಣು ಎಲ್ಲಿತ್ತು? 2023ರ ಜುಲೈನಲ್ಲಿ ಅದೇ ಟೊಮೆಟೊ ಕೆಜಿಗೆ ನೂರು ದಾಟಿದ್ದೇ ತಡ, ಕಣ್ಣು ಬಿಟ್ಟಿತು! ನಮ್ಮ ಕಡೆಯ ಮಂಡಿಗಳಲ್ಲೇ ಹಣ್ಣು ಕೊಂಡು ದೆಹಲಿಯಲ್ಲಿ ರಿಯಾಯಿತಿ ದರಕ್ಕೆ ಹಂಚಿದರು. ಸಾಲದೆಂದು ನೇಪಾಳದಿಂದ ತರಿಸಿದರು. ತಿನ್ನೋನಿಗೆ ತುಟ್ಟಿಯಾದಾಗ ಟೊಮೆಟೊ ರಾಷ್ಟ್ರದ ಸಮಸ್ಯೆ, ಬೆಳೆಯೋನಿಗೆ ಅಗ್ಗವಾದಾಗ ಅವನ ಹಣೆಬರಹ. ಇದು ಯಾವ ನ್ಯಾಯ ಸ್ವಾಮಿ?

'ಪಟ್ಟಿಯಲ್ಲಿ ಇಲ್ಲದ ಬೆಳೆಗೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಇದೆಯಲ್ಲ' ಅಂತ ಅಧಿಕಾರಿಗಳು ಹೇಳ್ತಾರೆ. ಇದೆ. ಬೆಲೆ ಬೀಳಬೇಕು, ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೀಬೇಕು, ಕೇಂದ್ರ ಒಪ್ಪಬೇಕು. ಟೊಮೆಟೊ ಅಲ್ಲೀವರೆಗೂ ಗಿಡದಲ್ಲಿ ಕಾದು ಕೂತಿರುತ್ತಾ? ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕೋದು ಅಂದರೆ ಇದೇ.

ಇನ್ನು ಪಂಡಿತರ ವಿಷಯಕ್ಕೆ ಬರೋಣ. ಸರ್ಕಾರದ ನೀತಿಯಿಂದ ರೈತನಿಗೆ ಲಾಭವೋ ನಷ್ಟವೋ ಅಂತ ಅಳೆಯೋಕೆ ಅವರ ಹತ್ತಿರ ಒಂದು ವಿಧಾನವಿದೆ. ನಮ್ಮ ಮಾಲಿಗೆ ಹೊರದೇಶದ ಪೇಟೆಯಲ್ಲಿ ಸಿಗಬಹುದಾದ ಬೆಲೆಯಲ್ಲಿ ಸಾಗಣೆ ಖರ್ಚು ಕಳೆದು, ಅದನ್ನು ಇಲ್ಲಿ ಸಿಕ್ಕ ಬೆಲೆಯ ಪಕ್ಕ ಇಟ್ಟು ನೋಡೋದು. ಶ್ರೀಮಂತ ರಾಷ್ಟ್ರಗಳ ಓಇಸಿಡಿ ಸಂಸ್ಥೆ ಮತ್ತು ದೆಹಲಿಯ ಇಕ್ರಿಯರ್ ಸಂಸ್ಥೆ ಸೇರಿ 2018ರಲ್ಲಿ ಹೊರತಂದ ವರದಿ ಹೀಗೇ ಲೆಕ್ಕ ಹಾಕಿತು. 2000-01ರಿಂದ 2016-17ರವರೆಗೆ, ಗೊಬ್ಬರ ಕರೆಂಟುಗಳ ಸಬ್ಸಿಡಿಯನ್ನೆಲ್ಲ ಕೂಡಿಸಿದ ಮೇಲೂ, ಭಾರತದ ರೈತ ತನ್ನ ಒಟ್ಟು ಹುಟ್ಟುವಳಿಯ ಸರಾಸರಿ ಶೇಕಡಾ 14ರಷ್ಟನ್ನು ಕಳಕೊಂಡ ಅಂತ ಅದು ಹೇಳಿತು. ಸಬ್ಸಿಡಿ ತಿಂದು ಕೊಬ್ಬಿದ್ದಾನೆ ಅಂತ ರೈತನನ್ನು ಮೂದಲಿಸುವ ಪಟ್ಟಣದ ಬುದ್ಧಿವಂತರು ಈ ಅಂಕಿಯನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಲಿ. ಯಾರು ಯಾರಿಗೆ ಬಾಕಿದಾರರು ಅನ್ನೋದು ತಿಳಿಯುತ್ತೆ.

ಆದರೆ ಆ ವಿಧಾನದಲ್ಲೂ ಒಂದು ತೊಡಕಿದೆ. ಇಂಥ ಲೆಕ್ಕಗಳಿಗೆ ದೇಶದ ಒಟ್ಟು ಉತ್ಪನ್ನದ ಮೌಲ್ಯದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಆಗುವಂತೆ ದೊಡ್ಡ ದೊಡ್ಡ ಬೆಳೆಗಳನ್ನು ಆರಿಸಿಕೊಳ್ತಾರೆ. ಉಳಿದ ಮೂವತ್ತಕ್ಕೂ ಇದೇ ಸರಾಸರಿ ಅಂತ ಊಹೆ ಮಾಡ್ತಾರೆ. ಆ ಮೂವತ್ತರಲ್ಲಿ ಒಂದೊಂದು ಜಿಲ್ಲೆಯ ಬದುಕೇ ಇರುತ್ತೆ. ದೇಶದ ಲೆಕ್ಕಕ್ಕೆ ಸಾಸಿವೆಯಷ್ಟು ಕಾಣೋ ಬೆಳೆ ಒಂದು ತಾಲ್ಲೂಕಿಗೆ ಬೆಟ್ಟದಷ್ಟು.

ಹೆಸರಿನ ಮೋಸ ಇನ್ನೊಂದು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯೋ ಬೆಂಗಳೂರು ಗುಲಾಬಿ ಈರುಳ್ಳಿಯನ್ನೇ ನೋಡಿ. ಸಣ್ಣ ಗಡ್ಡೆ, ಜಾಸ್ತಿ ಖಾರ. ನಮ್ಮ ಜನ ತಿನ್ನೋದು ಕಡಿಮೆ, ಮಲೇಷಿಯಾ, ಸಿಂಗಪುರದವರು ಕೊಳ್ತಾರೆ. ದೆಹಲಿಯ ಕಡತದಲ್ಲಿ ಮಾತ್ರ ಇದೂ ಈರುಳ್ಳಿ, ನಾಸಿಕದ್ದೂ ಈರುಳ್ಳಿ. 2020ರ ಸೆಪ್ಟೆಂಬರಿನಲ್ಲಿ ಈರುಳ್ಳಿ ರಫ್ತು ನಿಲ್ಲಿಸಿದಾಗ ಇದನ್ನೂ ನಿಲ್ಲಿಸಿದರು. ಗೋಗರೆದ ಮೇಲೆ ಅಕ್ಟೋಬರಿನಲ್ಲಿ 10,000 ಟನ್ನಿಗೆ ಮಾತ್ರ, ಅದೂ ಚೆನ್ನೈ ಬಂದರಿನಿಂದ, ಬಿಡುವು ಕೊಟ್ಟರು. 2023ರ ಆಗಸ್ಟಿನಲ್ಲಿ ಶೇಕಡಾ 40 ರಫ್ತು ಸುಂಕ ಹೇರಿದಾಗಲೂ ಅದೇ ಕಥೆ. ವಿನಾಯಿತಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ನಾವು ಈ ಗಡ್ಡೆಯನ್ನು ತಡೆದರೆ ದೆಹಲಿಯ ಗೃಹಿಣಿಗೆ ಒಂದು ಪೈಸೆ ಉಳಿಯೋದಿಲ್ಲ, ನಮ್ಮ ಗಡ್ಡೆ ಮಾತ್ರ ಹೊಲದ ಬದುವಿನಲ್ಲೇ ಕೊಳೆಯುತ್ತೆ. ಪಟ್ಟಿ ಬರೆದವನು ಹೊಲ ನೋಡದಿದ್ದರೆ ಆಗೋದು ಇಷ್ಟೇ.

ಹಾಗಾದರೆ ಪಟ್ಟಿಗೆ ಸೇರಿಬಿಟ್ಟರೆ ಸಾಕೇ? ಸಾಲದು. ಕಲಬುರಗಿಯ ಅಣ್ಣಂದಿರನ್ನು ಕೇಳಿ. ತೊಗರಿ ಪಟ್ಟಿಯಲ್ಲಿದೆ, 2024-25ಕ್ಕೆ 7,550 ರೂಪಾಯಿ ಬೆಂಬಲ ಬೆಲೆಯೂ ಇತ್ತು. ಆದರೆ 2021ರ ಮೇ ತಿಂಗಳಲ್ಲೇ ತೊಗರಿ ಆಮದಿನ ಬಾಗಿಲು ತೆಗೆದಿದ್ದರು. ಒಂದು ಕೈಯಲ್ಲಿ ಬೆಲೆ ಬರೆದು, ಇನ್ನೊಂದು ಕೈಯಲ್ಲಿ ಹೊರಗಿನ ಕಾಳು ಸುರಿದರೆ ಆ ಬೆಲೆ ಕಾಗದದ ಮೇಲಿನ ಬೆಲೆ.

ಆದ್ದರಿಂದ ನಮ್ಮ ಒತ್ತಾಯ ಮೂರು.

ಒಂದು, ಬೆಳೆ ಆರಿಸುವಾಗ ದೇಶದ ಒಟ್ಟು ಟನ್ನು ನೋಡಿದರೆ ಸಾಲದು. ಯಾವ ಬೆಳೆಗೆ ರೈತ ಹೆಚ್ಚು ಸಾಲ ಮಾಡ್ತಾನೆ, ಯಾವ ಬೆಳೆಯ ಬೆಲೆ ಹೆಚ್ಚು ಕುಣಿಯುತ್ತೆ ಅನ್ನೋದೂ ಅಳತೆಗೋಲಾಗಬೇಕು. ಎರಡು, ಹೊಲದಲ್ಲಿ ಬೇರೆ ಬೇರೆಯಾಗಿರೋ ಬೆಳೆಯನ್ನು ಕಡತದಲ್ಲಿ ಒಂದು ಮಾಡಬಾರದು. ಜಿಲ್ಲೆವಾರು, ತಳಿವಾರು ಲೆಕ್ಕ ಬೇಕು. ಮೂರು, ಬೆಂಬಲ ಬೆಲೆ ಒಂದನ್ನೇ ತೋರಿಸದೆ ಆಮದು, ರಫ್ತು ನಿಷೇಧ, ದಾಸ್ತಾನು ಮಿತಿ ಇವುಗಳಿಂದ ರೈತ ಕಳಕೊಂಡದ್ದನ್ನೂ ಪ್ರತಿ ವರ್ಷ ಪ್ರಕಟಿಸಬೇಕು. ದೆಹಲಿ ಮಾಡದಿದ್ದರೆ 2014ರಲ್ಲಿ ಹುಟ್ಟಿದ ನಮ್ಮದೇ ರಾಜ್ಯದ ಕೃಷಿ ಬೆಲೆ ಆಯೋಗ ಮಾಡಲಿ.

ಅವರು ಮಾಡೋ ತನಕ ನಾವು ಕೈಕಟ್ಟಿ ಕೂರಬೇಕಿಲ್ಲ. ಪ್ರತಿ ಹಳ್ಳಿಯ ಶಾಖೆಯೂ ಈ ತಿಂಗಳೇ ಒಂದು ನೋಟ್‌ಬುಕ್ ತರಲಿ. ನಮ್ಮೂರಿನಲ್ಲಿ ಸಾಲ ಹುಟ್ಟಿಸಿದ ಮೂರು ಬೆಳೆ ಯಾವುವು, ಎಕರೆಗೆ ಖರ್ಚೆಷ್ಟು, ಮಂಡಿಯಲ್ಲಿ ಸಿಕ್ಕಿದ್ದೆಷ್ಟು ಅಂತ ಬರೆಯಲಿ. ಹೆಣ್ಣುಮಕ್ಕಳ ಮನೆಗೆಲಸದಾಚೆಯ ಹೊಲದ ಕೂಲಿಯನ್ನು ಮರೆಯದೆ ಸೇರಿಸಲಿ. ಮುಂದಿನ ಸಲ ಬೆಲೆ ಕೇಳೋಕೆ ಹೋದಾಗ ಆ ನೋಟ್‌ಬುಕ್ಕನ್ನೇ ಅವರ ಮೇಜಿನ ಮೇಲೆ ಇಡೋಣ. ಇಷ್ಟು ದಿನ ಅವರು ಬರೆದ ಪಟ್ಟಿಯಲ್ಲಿ ನಮ್ಮನ್ನು ಹುಡುಕಿಕೊಂಡದ್ದು ಸಾಕು. ಇನ್ನು ನಾವು ಬರೆದ ಪಟ್ಟಿಗೆ ಅವರು ಉತ್ತರ ಹೇಳಲಿ.