ಹೊಕ್ಕುಳುಬಳ್ಳಿಯೂ ಸೋದರಮಾವನೂ

ಕೊರಳಿಗೆ ಹೊಕ್ಕುಳುಬಳ್ಳಿ ಸುತ್ತಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗದೆಂಬ ಮಾತು ನಮ್ಮ ಗಡಿಸೀಮೆಯ ಕನ್ನಡ ಮನೆಗಳಲ್ಲಿಯೂ ತಮಿಳು ಮನೆಗಳಲ್ಲಿಯೂ ಇಂದಿಗೂ ಕೇಳಿಬರುತ್ತದೆ. ಮಾವನು ಮೊದಲು ಎಣ್ಣೆಯಲ್ಲಿ ಮಗುವಿನ ನೆರಳನ್ನು ಕಂಡು, ಆ ಬಳಿಕವೇ ಮುಖ ನೋಡಬೇಕೆಂಬ ಕಟ್ಟಳೆಯೂ ಉಂಟು. ಬಸುರಿಯು ಹಗ್ಗ ದಾಟಿದುದರಿಂದಲೇ ಹೀಗಾಯಿತೆಂದು ತಾಯಿಯನ್ನು ಹಳಿಯುವವರೂ ಇದ್ದಾರೆ. ಹಿರಿಯರಲ್ಲಿ ಗೌರವವಿಟ್ಟುಕೊಂಡೇ ಈ ತಿಂಗಳು ನಾವು ಇದನ್ನು ವಿಚಾರಮಾಡೋಣ.

ಹೊಕ್ಕುಳುಬಳ್ಳಿಯು ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್ ಉದ್ದವಿರುತ್ತದೆ. ಅದರೊಳಗೆ ಮೂರು ರಕ್ತನಾಳಗಳಿವೆ. ಒಂದು ಮಾಸಿನಿಂದ ಮಗುವಿಗೆ ಪ್ರಾಣವಾಯುವನ್ನೂ ಆಹಾರವನ್ನೂ ಒಯ್ಯುತ್ತದೆ. ಎರಡು ಕಲ್ಮಶವನ್ನು ಮರಳಿ ತರುತ್ತವೆ. ಸುತ್ತಲಿನ ಲೋಳೆಯು ಇವನ್ನು ಒತ್ತಡದಿಂದ ಕಾಪಾಡುತ್ತದೆ. ಗರ್ಭದ ನೀರಿನಲ್ಲಿ ಮಗು ಹೊರಳುವಾಗ ಬಳ್ಳಿ ಕೊರಳಿಗೆ ಸುತ್ತಿಕೊಳ್ಳುವುದು ಸಹಜ. ಸುಮಾರು ನಾಲ್ಕೈದು ಹೆರಿಗೆಗಳಿಗೆ ಒಂದರಲ್ಲಿ ಹೀಗಾಗುತ್ತದೆ. ನಂಬಿಕೆ ದಿಟವಾಗಿದ್ದರೆ ನಮ್ಮ ಊರುಗಳಲ್ಲಿ ಸೋದರಮಾವಂದಿರೇ ಉಳಿಯುತ್ತಿರಲಿಲ್ಲ! ಬಹುಪಾಲು ಮಕ್ಕಳಿಗೆ ಇದರಿಂದ ಬಾಧೆಯಿಲ್ಲ. ತಲೆ ಹೊರಬಂದೊಡನೆ ದಾದಿಯು ಸುತ್ತನ್ನು ಬೆರಳಿನಿಂದ ಸಡಿಲಿಸಿ ಜಾರಿಸುತ್ತಾಳೆ.

ಅಂಜಬೇಕಾದ ಸಂಗತಿಗಳು ಬೇರೆ ಇವೆ. ನೂರಕ್ಕೆ ಒಂದರಷ್ಟು ಬಳ್ಳಿಗಳಲ್ಲಿ ನಿಜವಾದ ಗಂಟು ಬೀಳುತ್ತದೆ. ಅದು ಬಿಗಿದರೆ, ಮಡಿಚಿದ ಕೊಳವೆಯಲ್ಲಿ ನೀರು ನಿಲ್ಲುವಂತೆ ರಕ್ತ ನಿಲ್ಲುತ್ತದೆ. ಕೆಲವು ಬಳ್ಳಿಗಳಲ್ಲಿ ಮೂರರ ಬದಲು ಎರಡೇ ನಾಳಗಳಿರುತ್ತವೆ. ಆಗ ಮಗುವಿನ ಹೃದಯವನ್ನೂ ಮೂತ್ರಪಿಂಡಗಳನ್ನೂ ಸ್ಕ್ಯಾನಿನಲ್ಲಿ ವಿಶೇಷವಾಗಿ ಪರೀಕ್ಷಿಸಬೇಕು. ಅಪರೂಪಕ್ಕೆ ನಾಳಗಳು ಗರ್ಭದ ಬಾಯಿಯ ಮೇಲೆ ಹಾದಿರುತ್ತವೆ. ನೀರೊಡೆದಾಗ ಅವು ಹರಿದರೆ ಹೋಗುವ ರಕ್ತ ಮಗುವಿನದೇ. ಮೊದಲೇ ತಿಳಿದರೆ ನೋವು ಆರಂಭವಾಗುವ ಮುನ್ನ ಶಸ್ತ್ರಕ್ರಿಯೆಯಿಂದ ಮಗುವನ್ನು ಉಳಿಸಬಹುದು.

ಎಲ್ಲಕ್ಕಿಂತ ತುರ್ತಿನದು, ನೀರೊಡೆದೊಡನೆ ಮಗುವಿಗಿಂತ ಮೊದಲು ಬಳ್ಳಿಯೇ ಕೆಳಗೆ ಜಾರುವುದು. ಆಗ ಬಳ್ಳಿಯನ್ನು ಒಳಕ್ಕೆ ತಳ್ಳಕೂಡದು, ಎಳೆಯಲೂ ಕೂಡದು. ತಾಯಿಯು ಮೊಣಕಾಲೂರಿ, ಎದೆಯನ್ನು ನೆಲಕ್ಕೆ ತಾಗಿಸಿ, ಸೊಂಟವನ್ನು ಮೇಲೆತ್ತಿರಬೇಕು. ಮನೆಯವರು ಕೂಡಲೇ 108ಕ್ಕೆ ಕರೆಮಾಡಬೇಕು. ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಾಟಿಯ 27 ತಿರುವುಗಳನ್ನು ದಾಟಬೇಕೆಂಬುದನ್ನು ನಾವೆಲ್ಲ ಬಲ್ಲೆವು. ಆದುದರಿಂದ ಹೆರಿಗೆ ಯಾವ ಆಸ್ಪತ್ರೆಯಲ್ಲಿ, ವಾಹನ ಯಾರದು ಎಂಬುದನ್ನು ಎಂಟನೆಯ ತಿಂಗಳೊಳಗೇ ನಿಶ್ಚಯಿಸಿಕೊಳ್ಳುವುದು ಲೇಸು. ಮಗುವಿನ ಚಲನೆ ಎಂದಿಗಿಂತ ಕಡಿಮೆಯಾದರೆ ಮರುದಿನಕ್ಕೆ ಕಾಯದೆ ವೈದ್ಯರನ್ನು ಕಾಣಬೇಕು.

ತಾಯಿ ದಾಟಿದ ಹಗ್ಗಕ್ಕೂ ಮಗುವಿನ ಕೊರಳ ಬಳ್ಳಿಗೂ ಸಂಬಂಧವಿಲ್ಲ. ಸೋದರಮಾವಂದಿರಲ್ಲಿ ನಮ್ಮದೊಂದು ವಿನಂತಿ: ಶಾಂತಿಗೆ ವೆಚ್ಚಮಾಡುವ ಹಣವನ್ನು ತಂಗಿಯು ಬಸುರಿಯಾಗಿರುವಾಗಲೇ ಅವಳ ತಪಾಸಣೆಗೆ ವಿನಿಯೋಗಿಸಿರಿ. ಮಗು ಹುಟ್ಟಿದ ದಿನ ನೇರವಾಗಿ ಮುಖ ನೋಡಿ ಎತ್ತಿಕೊಳ್ಳಿರಿ.